ಕೀಪರ್ ಎಂಬ ಕೂಗು

ಕಿತ್ತಳೆ ಹಣ್ಣನ್ನು ನಾನು ಈಗಲೂ ಸುಲಿದು ತಿನ್ನುವುದಿಲ್ಲ. ಸಿಪ್ಪೆ ಸಮೇತ ನಾಲ್ಕು ಹೋಳು ಮಾಡಿ, ಒಂದೊಂದನ್ನೇ ಹಲ್ಲಿಗೆ ಒತ್ತಿ ಹಿಡಿದು ರಸ ಹೀರಿ, ಸಿಪ್ಪೆಯನ್ನು ಪಕ್ಕಕ್ಕೆ ಇಡುತ್ತೇನೆ. ಮನೆಗೆ ಬಂದವರ ಎದುರು ಇದು ಶೋಭಿಸುವ ಕ್ರಮವಲ್ಲವೆಂದು ನನ್ನ ಹೆಂಡತಿ ಕಣ್ಣಿನಲ್ಲೇ ತಿಳಿಸುತ್ತಾಳೆ. ಏನು ಮಾಡುವುದು ಹೇಳಿ, ಈ ಅಭ್ಯಾಸ ನನಗೆ ಅಂಟಿದ್ದು ಊಟದ ಮೇಜಿನ ಮುಂದೆ ಕುಳಿತಲ್ಲ. ಒಮಾನಿನ ಒಂದು ಬೋಳು ಮೈದಾನದ ಅಂಚಿನಲ್ಲಿ, ಮೊಣಕಾಲಿಗೆ ಅಂಟಿದ ಜಲ್ಲಿಯನ್ನು ಕೊಡವಿಕೊಳ್ಳುತ್ತ ನಿಂತಾಗ. ಆಟದ ಅರ್ಧದಲ್ಲಿ ಗೆಳೆಯನ ಹೆಂಡತಿ ಜೆಸಿಂತಾ ತನ್ನ ದೊಡ್ಡ ಸ್ಟೀಲ್ ಡಬ್ಬಿಯ ಮುಚ್ಚಳ ತೆರೆದರೆ ಅದರ ತುಂಬ ಕಿತ್ತಳೆಯ ಹೋಳುಗಳು ಇರುತ್ತಿದ್ದವು. ನಮ್ಮವರು, ಎದುರಾಳಿಗಳು ಎಂಬ ಭೇದವಿಲ್ಲದೆ ಎಲ್ಲರ ಕೈಗಳೂ ಆ ಡಬ್ಬಿಗೆ ಬರುತ್ತಿದ್ದವು. ಅರ್ಧ ಗಂಟೆಯ ಹಿಂದೆ ಒಬ್ಬರ ಕಣಕಾಲಿಗೆ ಒಬ್ಬರು ಒದ್ದವರು ಒಂದೇ ಡಬ್ಬಿಯಿಂದ ಹಣ್ಣು ತಿನ್ನುವುದನ್ನು ನೋಡಿ, ಲೋಕದ ಜಗಳಗಳಿಗೆಲ್ಲ ಇಂಥದೊಂದು ಅರ್ಧಸಮಯ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದುಂಟು.

ಅದು ತೊಂಬತ್ತರ ದಶಕದ ಮಾತು. ರುಸೈಲ್ ಕೈಗಾರಿಕಾ ವಲಯದಲ್ಲಿದ್ದ ಒಂದು ಪೈಪು ಕಾರ್ಖಾನೆಯಲ್ಲಿ ನಾನು ಯಂತ್ರಗಳ ದುರಸ್ತಿ ವಿಭಾಗದ ಮೇಲ್ವಿಚಾರಕನಾಗಿದ್ದೆ. ಜೆಸಿಂತಾಳ ಗಂಡ ವಿಲ್ಫ್ರೆಡ್ ಅದೇ ಕಾರ್ಖಾನೆಯಲ್ಲಿ ಸರಕು ರವಾನೆ ನೋಡಿಕೊಳ್ಳುತ್ತಿದ್ದ. ನಾವಿಬ್ಬರೂ ಮಂಗಳೂರಿನ ಒಂದೇ ಕಾಲೇಜಿನಲ್ಲಿ ಓದಿದವರು, ಓದಿದ್ದಕ್ಕಿಂತ ಹೆಚ್ಚಾಗಿ ಒಂದೇ ತಂಡದಲ್ಲಿ ಫುಟ್‌ಬಾಲ್ ಆಡಿದವರು. ಅವನು ಗೋಲ್‌ಕೀಪರ್, ನಾನು ಅವನ ಮುಂದೆ ಬಲಬದಿಯಲ್ಲಿ ನಿಲ್ಲುತ್ತಿದ್ದ ಬ್ಯಾಕ್. ಮಸ್ಕತ್ತಿನ ಸುತ್ತಮುತ್ತ ನೌಕರಿಗೆ ಬಂದ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಹುಡುಕಿ ಹೆಕ್ಕಿದಾಗ ಒಂದು ತಂಡವೇ ಆಯಿತು. ಹಾಗೆಯೇ ಕೇರಳದ, ಗೋವಾದ, ಮುಂಬಯಿಯ ಕಾಲೇಜುಗಳ ಹಳಬರೂ ತಂಡ ಕಟ್ಟಿಕೊಂಡಿದ್ದರು. ಸೆಕೆ ಇಳಿದು ಸಂಜೆಯ ಗಾಳಿ ಮುಖಕ್ಕೆ ಹಿತವೆನಿಸತೊಡಗಿದೊಡನೆ ನಮ್ಮ ಪಂದ್ಯಾವಳಿ ಆರಂಭ. ಮತ್ತೆ ಸೆಕೆ ಏರುವ ಮೊದಲು ಮುಕ್ತಾಯ. ವಾರದ ರಜೆ ಶುಕ್ರವಾರವಾದ್ದರಿಂದ ಆಟವೂ ಅಂದೇ. ಕಾರ್ಖಾನೆಗಳ ಹಿಂದೆ, ಕಂದು ಗುಡ್ಡಗಳ ಬುಡದಲ್ಲಿ, ಹುಲ್ಲಿನ ಒಂದು ಎಸಳೂ ಇಲ್ಲದ ಬಯಲು ನಮ್ಮ ಮೈದಾನ. ಕಾರ್ಖಾನೆಯಲ್ಲಿ ಉಳಿದ ಕಬ್ಬಿಣದ ಪೈಪುಗಳನ್ನು ಬೆಸೆದು ನಾನೇ ಮಾಡಿಕೊಟ್ಟ ಗೋಲುಕಂಬಗಳು, ಸೀಬ್ ತೀರದ ಬೆಸ್ತರು ಬೇಡವೆಂದು ಕೊಟ್ಟ ಮೀನುಬಲೆ. ಅಲ್ಲಿ ಜಾರಿ ಬಿದ್ದವನ ಚರ್ಮ ನೆಲದ ಪಾಲು. ಹಾಗಿದ್ದೂ ನಾವು ಬೀಳುತ್ತಿದ್ದೆವು, ಶನಿವಾರ ಕುಂಟುತ್ತ ಕೆಲಸಕ್ಕೆ ಹೋಗುತ್ತಿದ್ದೆವು, ಅದರಲ್ಲೊಂದು ಹೆಮ್ಮೆಯಿತ್ತು.

ವಿಲ್ಫ್ರೆಡ್ ಮಾತು ಕಡಿಮೆಯ ಮನುಷ್ಯ. ಕಾರ್ಖಾನೆಯಲ್ಲಿ ಲಾರಿ ಚಾಲಕರು ಗಲಾಟೆ ಮಾಡಿದರೂ ದನಿ ಏರಿಸುವವನಲ್ಲ. ಆದರೆ ಎರಡು ಕಂಬಗಳ ನಡುವೆ ನಿಂತನೆಂದರೆ ಅವನ ಗಂಟಲೇ ಬೇರೆಯಾಗುತ್ತಿತ್ತು. ಎತ್ತರದ ಚೆಂಡು ಗೋಲಿನ ಮುಂದೆ ತೇಲಿ ಬಂದಾಗ ಅದು ತನ್ನದೆಂದು ಸಾರಲು ಗೋಲ್‌ಕೀಪರ್‌ಗಳು ಕೂಗುವುದುಂಟಲ್ಲ, "ಕೀಪರ್!" ಎಂದು, ಆ ಕೂಗು ಅವನ ಹೊಟ್ಟೆಯ ಆಳದಿಂದ ಏಳುತ್ತಿತ್ತು. ಅದು ಕೇಳಿದೊಡನೆ ನಾವು ಬ್ಯಾಕ್‌ಗಳು ತಲೆ ತಗ್ಗಿಸಿ ಬದಿಗೆ ಸರಿಯುತ್ತಿದ್ದೆವು. ಹಿಂದಿನಿಂದ ಅವನು ಬಂದು ಎಲ್ಲರ ತಲೆಗಳ ಮೇಲಿಂದ ಚೆಂಡನ್ನು ಹಣ್ಣು ಕೊಯ್ದಂತೆ ಕೊಯ್ದುಕೊಳ್ಳುತ್ತಿದ್ದ.

ಆ ವರ್ಷ ನಮಗೆ ಏನು ಹಿಡಿದಿತ್ತೋ ತಿಳಿಯದು, ಗೆಲ್ಲುತ್ತ ಹೋದೆವು. ಮೊದಲ ಪಂದ್ಯದಲ್ಲಿ ಗೋವಾದವರು ನಮಗೆ ಮಣ್ಣು ಮುಕ್ಕಿಸಿದರು ನಿಜ. ಆಮೇಲೆ ಯಾರೂ ನಮ್ಮನ್ನು ತಡೆಯಲಿಲ್ಲ. ಮುಂಬಯಿಯವರ ಮೇಲೆ ಗೆದ್ದ ಸಂಜೆ ವಿಲ್ಫ್ರೆಡ್‌ನ ಮನೆಯಲ್ಲಿ ಸೇರಿ, ಕಾಲೇಜಿನ ದಿನಗಳಲ್ಲಿ ಅಂತಿಮ ಪಂದ್ಯದಲ್ಲಿ ಸೋತು ಬಸ್ಸಿನಲ್ಲಿ ಮಾತಿಲ್ಲದೆ ಊರಿಗೆ ಮರಳಿದ ಕಥೆಯನ್ನು ಮತ್ತೆ ಹೇಳಿಕೊಂಡೆವು. ಈ ಸಲ ಹಾಗಾಗದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು. ಕೊನೆಯ ಪಂದ್ಯ ಉಳಿದಿತ್ತು, ಕೋಝಿಕ್ಕೋಡಿನ ಒಂದು ಕಾಲೇಜಿನ ಹಳಬರ ಜೊತೆ. ಗೆದ್ದರೆ ಕಪ್ಪು ನಮಗೆ, ಸೋತರೆ ಅವರಿಗೆ.

ಆ ತಂಡದಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಅಣ್ಣ ಕೋಯ, ಅಲ್ ಮವಾಲೇಹ್ ಎಂಬ ಬಡಾವಣೆಯಲ್ಲಿ ಒಂದು ದಿನಸಿ ಅಂಗಡಿ ನಡೆಸುತ್ತಿದ್ದವರು, ಗಡ್ಡದಲ್ಲಿ ಆಗಲೇ ನರೆ ಇಣುಕಿದ್ದ ಗಂಭೀರ ಮನುಷ್ಯ, ಅವರ ತಂಡದ ಬೆನ್ನೆಲುಬಿನಂಥ ಬ್ಯಾಕ್. ಅವರ ಹುಡುಗರು ಅವರನ್ನು ಇಕ್ಕ ಎನ್ನುತ್ತಿದ್ದರು. ಅಣ್ಣ ಎಂದು ಅರ್ಥ. ನಾವೂ ಹಾಗೆಯೇ ಕರೆದೆವು. ತಮ್ಮ ಹಂಸ ನಿಜ್ವಾದ ಒಂದು ಕಟ್ಟಡ ಕಂಪನಿಯಲ್ಲಿ ಸ್ಟೋರ್ ಕೀಪರ್. ಆಟಕ್ಕಾಗಿ ಪ್ರತಿ ಶುಕ್ರವಾರ ಯಾರದಾದರೂ ಕಾರಿನಲ್ಲಿ ಜಾಗ ಹಿಡಿದು ಅಷ್ಟು ದೂರದಿಂದ ಬರುತ್ತಿದ್ದ, ಬರುವಾಗ ಖರ್ಜೂರದ ಪೊಟ್ಟಣವೊಂದನ್ನು ತಂದು ಜೆಸಿಂತಾಳ ಡಬ್ಬಿಯ ಪಕ್ಕದಲ್ಲಿ ಇಡುತ್ತಿದ್ದ. ಕುಳ್ಳ, ಚುರುಕು, ಚೆಂಡು ಕಾಲಿಗೆ ಸಿಕ್ಕಿದರೆ ನಗಲು ತೊಡಗುವ ಆಸಾಮಿ. ಅವನನ್ನು ತಡೆಯುವುದು ನನ್ನ ಕೆಲಸವಾದ್ದರಿಂದ ಆ ನಗುವನ್ನು ನಾನು ಬಹಳ ಹತ್ತಿರದಿಂದ ಕೇಳಿದ್ದೇನೆ.

ಆ ಶುಕ್ರವಾರ ಗಾಳಿ ಜೋರಾಗಿತ್ತು. ಧೂಳು ಎದ್ದು ಗುಡ್ಡಗಳು ಮಸುಕಾಗಿದ್ದವು. ಒಂದು ಗೋಲು ನಾವು ಹೊಡೆದೆವು, ಒಂದು ಅವರು ಹೊಡೆದರು, ಆಮೇಲೆ ಯಾರಿಗೂ ದಾರಿ ಸಿಗಲಿಲ್ಲ. ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು ಇದ್ದಾಗ ಅವರ ಕಡೆಯವನೊಬ್ಬ ಅಂಚಿನಿಂದ ಚೆಂಡನ್ನು ಎತ್ತಿ ನಮ್ಮ ಗೋಲಿನ ಮುಂದಕ್ಕೆ ಕಳಿಸಿದ. ಗಾಳಿ ಅದನ್ನು ಸ್ವಲ್ಪ ಹೊತ್ತು ಮೇಲೆಯೇ ಹಿಡಿದಿಟ್ಟುಕೊಂಡಿತು. ನನ್ನ ಪಕ್ಕದಿಂದ ಹಂಸ ಬಾಣದಂತೆ ಹೋದ. ನನ್ನ ಬೆನ್ನ ಹಿಂದೆ "ಕೀಪರ್!" ಎಂಬ ಕೂಗು ಎದ್ದಿತು, ನಾನು ಅಭ್ಯಾಸಬಲದಿಂದ ಬದಿಗೆ ಸರಿದೆ. ವಿಲ್ಫ್ರೆಡ್ ಹಾರಿದ. ಹಂಸನೂ ಹಾರಿದ. ಆಮೇಲೆ ಕೇಳಿದ ಸದ್ದನ್ನು ವರ್ಣಿಸುವ ಮನಸ್ಸು ನನಗಿಲ್ಲ. ಇಬ್ಬರೂ ಕೆಳಗೆ ಬಿದ್ದರು. ವಿಲ್ಫ್ರೆಡ್ ಚೆಂಡನ್ನು ಅಪ್ಪಿ ಹಿಡಿದುಕೊಂಡೇ ಎದ್ದ. ಹಂಸ ಏಳಲಿಲ್ಲ.

ಗೋಲಿಗೂ ಗೋಳಿಗೂ ಉಚ್ಚಾರದಲ್ಲಿ ನಾಲಗೆಯ ಒಂದು ಮಡಿಕೆಯಷ್ಟೇ ಅಂತರವೆಂದು ಕಾಲೇಜಿನಲ್ಲಿ ನಾವು ತಮಾಷೆ ಮಾಡುತ್ತಿದ್ದೆವು. ಅಂದು ಆ ಅಂತರವೂ ಉಳಿಯಲಿಲ್ಲ. ಮೈದಾನದ ನಡುವಿನಿಂದ ಕೋಯ ಇಕ್ಕ ಓಡಿ ಬಂದು ತಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಸರು ಹಿಡಿದು ಕರೆಯತೊಡಗಿದರು. ಕಣ್ಣು ಅರ್ಧ ತೆರೆದಿತ್ತು, ಅದರಲ್ಲಿ ಯಾರೂ ಇರಲಿಲ್ಲ. ಕಾರ್ಖಾನೆಯ ವ್ಯಾನಿನ ಹಿಂದಿನ ಸೀಟು ಬಿಚ್ಚಿ ಅವನನ್ನು ಮಲಗಿಸಿದೆವು. ವಿಲ್ಫ್ರೆಡ್ ವ್ಯಾನು ಹತ್ತಲು ಹೋದಾಗ ಅವರ ತಂಡದ ಒಬ್ಬ ಅವನ ಎದೆಗೆ ಕೈಯಿಟ್ಟು ತಳ್ಳಿದ. ವ್ಯಾನು ಹೊರಟುಹೋಯಿತು. ಜೆಸಿಂತಾ ಗಂಡನ ಬಳಿಗೆ ಬಂದು ಅವನ ಕೈಯಿಂದ ಚೆಂಡನ್ನು ಬಿಡಿಸಿಕೊಂಡಳು. ಅದು ಇನ್ನೂ ತನ್ನ ಕೈಯಲ್ಲಿದೆಯೆಂದು ಅವನಿಗೆ ತಿಳಿದಿರಲೇ ಇಲ್ಲ.

ತಲೆಯೊಳಗೆ ರಕ್ತ ಕಟ್ಟಿದೆ, ಶಸ್ತ್ರಕ್ರಿಯೆ ಮಾಡಿದ್ದೇವೆ, ಕಾಯಬೇಕು ಎಂದರು ಆಸ್ಪತ್ರೆಯವರು. ಮರುದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿಗೆ ಪೊಲೀಸ್ ಜೀಪು ಬಂತು. ಅವರು ಬಹಳ ಸೌಜನ್ಯದಿಂದಲೇ ವಿಲ್ಫ್ರೆಡ್‌ನನ್ನು ಕರೆದುಕೊಂಡು ಹೋದರು. ಪರದೇಶದಲ್ಲಿ ಸೌಜನ್ಯವೂ ಎಷ್ಟು ಹೆದರಿಸಬಲ್ಲದೆಂದು ನನಗೆ ಗೊತ್ತಾದದ್ದು ಅಂದು. ನಮ್ಮ ಕಂಪನಿಯ ಸರ್ಕಾರಿ ಕೆಲಸಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಸಲೀಂ ಎಂಬ ಒಮಾನಿ ಗೆಳೆಯ ಜೀಪಿನ ಹಿಂದೆಯೇ ತನ್ನ ಕಾರಿನಲ್ಲಿ ಹೋದ. ಮ್ಯಾನೇಜರು ನನ್ನನ್ನು ಒಳಗೆ ಕರೆದು, "ಕೇಸು ಆಯಿತೆಂದರೆ ಕಂಪನಿ ಏನೂ ಮಾಡಲಾರದು. ವೀಸಾ ಕೊಟ್ಟ ಕಫೀಲ್ ಅವನನ್ನು ಇಟ್ಟುಕೊಳ್ಳುವುದಿಲ್ಲ. ಅದಕ್ಕೂ ಹೆಚ್ಚಿನದು ಆಗದಿರಲಿ ಎಂದು ಪ್ರಾರ್ಥಿಸಿ," ಎಂದರು. ಅದಕ್ಕೂ ಹೆಚ್ಚಿನದು ಯಾವುದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಜೆ ಜೆಸಿಂತಾಳ ಮನೆಗೆ ಹೋದೆ. ಅವಳು ದೀಪ ಹಾಕದೆ ಕಿಟಕಿಯ ಬಳಿ ನಿಂತಿದ್ದಳು.

"ಕೆಳಗೆ ನೋಡಿ ಸದಾಣ್ಣ," ಎಂದಳು. "ಆಗಿನಿಂದ ಅಲ್ಲೇ ನಿಂತಿದ್ದಾರೆ."

ರಸ್ತೆಯಾಚೆ ಕೋಝಿಕ್ಕೋಡಿನ ತಂಡದ ಮೂವರು ನಿಂತು ಕಿಟಕಿಯತ್ತಲೇ ನೋಡುತ್ತಿದ್ದರು. ನಾನು ಇಳಿದು ಹೋದೆ. ಎಲ್ಲರಿಗೂ ಬರುವ ಹರಕು ಹಿಂದಿಯಲ್ಲಿ ಮಾತಾಯಿತು.

"ಅವನು ಕೂಗಲಿಲ್ಲ," ಎಂದ ಒಬ್ಬ. "ಕೂಗಿದ್ದರೆ ಹಂಸ ನಿಲ್ಲುತ್ತಿದ್ದ. ಗೋಲು ಉಳಿಸಲಿಕ್ಕೆ ಮನುಷ್ಯನನ್ನೇ ಹೊಡೆದು ಹಾಕಿದ."

"ನಾನು ಕೇಳಿದ್ದೇನೆ. ಕೂಗಿದ."

"ನೀವು ಅವನ ಕಡೆಯವರು."

ನಾನು ಅವನ ಕಡೆಯವನೇ. ಒಬ್ಬ ಮನುಷ್ಯನ ಭವಿಷ್ಯವೆಲ್ಲ ಒಂದು ಕೂಗಿಗೆ ಗಂಟು ಬಿದ್ದಿತ್ತು, ಆ ಕೂಗನ್ನು ಗಾಳಿ ಆಗಲೇ ಗುಡ್ಡಗಳಾಚೆ ಒಯ್ದುಬಿಟ್ಟಿತ್ತು. ಮಾತಿಗೆ ತೂಕ ಬರುವುದು ಅದು ನಿಜವಾಗಿರುವುದರಿಂದ ಎಂದು ನಾನು ಅಲ್ಲಿಯವರೆಗೆ ನಂಬಿಕೊಂಡಿದ್ದೆ. ಹೇಳುವವನು ಯಾರು, ಎಲ್ಲಿ ನಿಂತು ಹೇಳುತ್ತಿದ್ದಾನೆ ಎಂಬುದನ್ನೂ ತಕ್ಕಡಿಯಲ್ಲಿ ಇಡುತ್ತಾರೆಂದು ಆ ರಸ್ತೆಯ ಬದಿಯಲ್ಲಿ ತಿಳಿಯಿತು. ನನ್ನ ನಿಜ ಅಂದು ನಯಾಪೈಸೆಯ ಪ್ರಯೋಜನಕ್ಕೆ ಬಾರದ ನಿಜವಾಗಿತ್ತು.

ಪೊಲೀಸ್ ಠಾಣೆಯಲ್ಲಿ ವಿಲ್ಫ್ರೆಡ್‌ನನ್ನು ನೋಡಲು ನನಗೆ ಅವಕಾಶ ಕೊಡಿಸಿದವನು ಸಲೀಂ. ಬೆಂಚಿನ ಮೇಲೆ ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು, ಅವು ತನ್ನವಲ್ಲವೆಂಬಂತೆ ನೋಡುತ್ತ ಕುಳಿತಿದ್ದ.

"ಹಂಸ ಹೇಗಿದ್ದಾನೆ?"

"ಹಾಗೆಯೇ ಇದ್ದಾನೆ. ಎಚ್ಚರ ಬಂದಿಲ್ಲ."

ಕೈಗಳಿಂದ ಕಣ್ಣು ತೆಗೆಯದೆ ಅವನು ಕೇಳಿದ, "ಸದಾ, ನಿಜ ಹೇಳು ಮಾರಾಯ. ನಾನು ಕೂಗಿದೆನಾ?"

"ಕೂಗಿದಿ. ನಾನು ಬದಿಗೆ ಸರಿದದ್ದೇ ಅದನ್ನು ಕೇಳಿ."

"ನನಗೆ ನೆನಪಿಲ್ಲ. ಚೆಂಡು ನೆನಪುಂಟು, ಅವನ ಮುಖ ನೆನಪುಂಟು. ಕೂಗಿದ್ದು ಮಾತ್ರ ನೆನಪಿಲ್ಲ." ಆಮೇಲೆ ನನ್ನತ್ತ ನೋಡದೆ ಹೇಳಿದ, "ನೀನು ನನ್ನ ಸ್ನೇಹಿತ. ನೀನು ಹಾಗೆ ಹೇಳಲೇಬೇಕಲ್ಲ."

ಇಡೀ ಲೋಕ ಅನುಮಾನಪಟ್ಟರೂ ತಾಳಿಕೊಳ್ಳಬಹುದು. ಮನುಷ್ಯ ತನ್ನನ್ನೇ ಅನುಮಾನಿಸತೊಡಗಿದರೆ ಅವನ ಪರವಾಗಿ ಸಾಕ್ಷಿ ಹೇಳುವವರು ಯಾರು? ನಾನು ಅವನ ಪಕ್ಕದಲ್ಲಿ ಕುಳಿತೆ.

ಅಧಿಕಾರಿ ನನ್ನ ಹೇಳಿಕೆ ತೆಗೆದುಕೊಂಡ ಮೇಲೆ, ಪೆಟ್ಟಾದವನ ಕಡೆಯಿಂದ ಯಾರು ಮಾತಾಡುತ್ತಾರೆ ಎಂದು ಕೇಳಿದರು. ಕೋಯ ಇಕ್ಕನನ್ನು ಆಸ್ಪತ್ರೆಯಿಂದ ಕರೆಸಿದರು. ಅದೇ ಆಟದ ದಿರಿಸಿನ ಮೇಲೊಂದು ಅಂಗಿ ತೊಟ್ಟುಕೊಂಡು ಬಂದರು. ಬಟ್ಟೆ ಬದಲಿಸಲು ಮನೆಗೂ ಹೋಗಿರಲಿಲ್ಲ. ಅವರು ಹಿಂದಿಯಲ್ಲಿ ಹೇಳುವುದು, ಸಲೀಂ ಅದನ್ನು ಅರಬ್ಬಿಗೆ ತಿರುಗಿಸುವುದು ಎಂದಾಯಿತು. ವಿಲ್ಫ್ರೆಡ್ ಗೋಡೆಗೆ ಒರಗಿ ನಿಂತಿದ್ದ. ನಾನು ಬಾಗಿಲ ಬಳಿ ಇದ್ದೆ. ಅವರು ಹೂಂ ಎಂದರೆ ಒಂದು, ಉಹೂಂ ಎಂದರೆ ಇನ್ನೊಂದು. ಕೋಪದಲ್ಲಿ ಆಡಿದ ಒಂದು ಮಾತು ಸಾಕಿತ್ತು. ಆಡಿದರೂ ನಾನು ಅವರನ್ನು ದೂರುತ್ತಿರಲಿಲ್ಲ. ಸ್ವಂತ ತಮ್ಮ ಆ ಸ್ಥಿತಿಯಲ್ಲಿ ಮಲಗಿರುವಾಗ ನ್ಯಾಯವಾಗಿ ಮಾತಾಡು ಎಂದು ಯಾರಿಗೆ ತಾನೇ ಹೇಳುವುದು?

"ನೀನು ಎಲ್ಲಿದ್ದೆ?" ಎಂದು ಕೇಳಿದರು ಅಧಿಕಾರಿ.

"ಮೈದಾನದ ನಡುವೆ. ದೂರದಲ್ಲಿ."

"ಈತ ಕೂಗಿದನೋ ಇಲ್ಲವೋ?"

ಕೋಯ ಇಕ್ಕ ತಲೆ ಎತ್ತಿ ಒಮ್ಮೆ ವಿಲ್ಫ್ರೆಡ್‌ನನ್ನು ನೋಡಿದರು. ಆ ನೋಟದಲ್ಲಿ ಸ್ನೇಹದ ಸುಳಿವೂ ಇರಲಿಲ್ಲ.

"ಕೂಗಿದ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ನನಗೇ ಕೇಳಿತು ಎಂದ ಮೇಲೆ ಹಂಸನಿಗೂ ಕೇಳಿರಬೇಕು. ಅವನು ನಿಲ್ಲುವವನಲ್ಲ. ಚಿಕ್ಕಂದಿನಿಂದಲೂ ಹಾಗೆಯೇ. ಇಬ್ಬರೂ ಚೆಂಡಿಗೇ ಹೋದದ್ದು."

ಸಲೀಂ ಅರಬ್ಬಿಯಲ್ಲಿ ಹೇಳಿ ಮುಗಿಸಿದ. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು, "ನಾಳೆ ನಿನ್ನ ತಮ್ಮನಿಗೆ ಏನಾದರೂ ಆಯಿತು ಎಂದುಕೋ. ಆಗಲೂ ಇದೇ ಮಾತು ಹೇಳುತ್ತೀಯಾ?"

ಈ ಪ್ರಶ್ನೆಯನ್ನು ಹಿಂದಿಗೆ ತಿರುಗಿಸಲು ಸಲೀಂ ತಡವರಿಸಿದ. ಅಂಗಡಿಯ ವ್ಯವಹಾರದಿಂದ ಕೋಯ ಇಕ್ಕನಿಗೆ ಅಷ್ಟಿಷ್ಟು ಅರಬ್ಬಿ ಬರುತ್ತಿತ್ತು. ಅವರು ಸಲೀಮನಿಗೆ ಕಾಯದೆ ಅಧಿಕಾರಿಗೇ ನೇರವಾಗಿ ಅರಬ್ಬಿಯಲ್ಲಿ ಎರಡು ಶಬ್ದ ಹೇಳಿದರು. ಆಗಲೂ ಇದೇ, ಎಂದು.

ಸಲೀಂ ಕಂಪನಿಯ ಪರವಾಗಿ ಜಾಮೀನು ಬರೆದುಕೊಟ್ಟು, ಹೊರಗೆ ಬಂದು, "ಖಲಾಸ್, ಖಲಾಸ್," ಎಂದು ವಿಲ್ಫ್ರೆಡ್‌ನ ಬೆನ್ನು ತಟ್ಟಿದ. ವಿಲ್ಫ್ರೆಡ್ ಬೇರೆ ಏನನ್ನೂ ಕೇಳಿಸಿಕೊಳ್ಳದೆ ಅಂಗಳದಲ್ಲಿ ಕೋಯ ಇಕ್ಕನ ಹಿಂದೆ ಓಡಿದ. ಕಾಲಿಗೆ ಬೀಳುತ್ತಾನೋ ಎಂದು ನನಗೆ ಭಯವಾಯಿತು. ಅವನು ಹತ್ತಿರ ಬರುವ ಮೊದಲೇ ಅವರು ಕೈಯೆತ್ತಿ ತಡೆದರು.

"ಕಂಡದ್ದನ್ನು ಹೇಳಿದ್ದೇನೆ, ಅಷ್ಟೇ. ನೀನು ಆಸ್ಪತ್ರೆಗೆ ಬರಬೇಡ. ನಿನ್ನ ಮುಖ ನೋಡುವ ಶಕ್ತಿ ನನಗಿಲ್ಲ."

ಕ್ಷಮೆಯನ್ನೂ ನ್ಯಾಯವನ್ನೂ ನಾವು ಒಂದೇ ಮನೆಯ ಮಕ್ಕಳೆಂದು ಭಾವಿಸುತ್ತೇವೆ. ಅವರ ಹೃದಯದಲ್ಲಿ ಅಂದು ಕ್ಷಮೆಗೆ ಕಿಂಚಿತ್ತೂ ಎಡೆಯಿರಲಿಲ್ಲ, ಆದರೂ ನ್ಯಾಯ ತಪ್ಪಲಿಲ್ಲ. ಕ್ಷಮಿಸಿದವನು ನ್ಯಾಯವಾಗಿ ನಡೆದುಕೊಳ್ಳುವುದು ಸುಲಭ. ಕ್ಷಮಿಸಲಾಗದೆಯೂ ಹಾಗೆ ನಡೆದುಕೊಂಡ ಒಬ್ಬ ಮನುಷ್ಯನನ್ನು ನಾನು ನೋಡಿದ್ದೇನೆ ಎಂಬುದು ನನ್ನ ಪಾಲಿನ ಆಸ್ತಿ.

ವಿಲ್ಫ್ರೆಡ್ ಬರಬಾರದು ಎಂದದ್ದಷ್ಟೇ, ತಾನು ಬರಬಾರದು ಎಂದು ಯಾರೂ ಹೇಳಿಲ್ಲವಲ್ಲ ಎಂದಳು ಜೆಸಿಂತಾ. ಮರುದಿನದಿಂದಲೇ ಅವಳು ಗಂಜಿಯನ್ನು ಫ್ಲಾಸ್ಕಿಗೆ ಹೊಯ್ದು, ಜೊತೆಗೆ ಹುರುಳಿ ಚಟ್ನಿ ಕಟ್ಟಿಕೊಂಡು ನನ್ನ ಕಾರಿನಲ್ಲಿ ಆಸ್ಪತ್ರೆಗೆ ಬಂದಳು. ಕೋಯ ಇಕ್ಕ ತೀವ್ರನಿಗಾ ಘಟಕದ ಹೊರಗೆ ಕುರ್ಚಿಯಲ್ಲಿ ಕುಳಿತಿದ್ದರು. ಅವಳು ಫ್ಲಾಸ್ಕನ್ನು ಪಕ್ಕದ ಕುರ್ಚಿಯ ಮೇಲಿಟ್ಟಳು. ಅವರು ಅದನ್ನು ಮುಟ್ಟಲಿಲ್ಲ. ತುಂಬಿದ ಫ್ಲಾಸ್ಕನ್ನೇ ತಿರುಗಿ ಒಯ್ದೆವು. ಮರುದಿನವೂ ಅಷ್ಟೇ. ಅವಳು ಅದಕ್ಕೆ ಬೇಸರಿಸಲೂ ಇಲ್ಲ, ಒತ್ತಾಯಿಸಲೂ ಇಲ್ಲ. ಅಲ್ಲಿಯೇ ಒಂದು ಕುರ್ಚಿ ಬಿಟ್ಟು ಕುಳಿತು ಜಪಸರದ ಮಣಿ ಎಣಿಸುತ್ತಿದ್ದಳು. ಅವರ ಕೈಯಲ್ಲೂ ಒಂದು ತಸ್ಬೀಹ್ ಇತ್ತು. ಒಂದೇ ಹಂಸನಿಗಾಗಿ ಎರಡು ಸರಗಳ ಮಣಿಗಳು ಉರುಳುತ್ತಿದ್ದವು, ಅವೆರಡೂ ಒಂದನ್ನೊಂದು ನೋಡಲಿಲ್ಲ.

ಒಂದು ಮಧ್ಯಾಹ್ನ ಕೋಯ ಇಕ್ಕ ಎದ್ದು ವರಾಂಡದ ಕಾರ್ಡ್ ಫೋನಿನ ಕಡೆಗೆ ಹೋದರು. ಊರಿಗೆ ಮಾಡಿದ ಕರೆ. ನಮ್ಮ ಕರಾವಳಿಯವರಿಗೆ ಮಲಯಾಳ ಕಿವಿಗೆ ಬಿದ್ದರೆ ಅರ್ಧವಾದರೂ ತಿಳಿಯುತ್ತದೆ. ಉಮ್ಮ, ಹಂಸನಿಗೆ ಕೆಲಸ ಬಹಳ, ಮರಳುಗಾಡಿನ ಒಳಗೆ ಹೋಗಿದ್ದಾನೆ, ಅಲ್ಲಿ ಫೋನಿಲ್ಲ, ಬಂದ ಮೇಲೆ ಅವನೇ ಮಾತಾಡುತ್ತಾನೆ ಎನ್ನುತ್ತಿದ್ದರು, ದನಿಯಲ್ಲಿ ಒಂದಿಷ್ಟೂ ನಡುಕವಿಲ್ಲದೆ. ಪೊಲೀಸ್ ಠಾಣೆಯಲ್ಲಿ ಸುಳ್ಳು ಹೇಳಲೊಲ್ಲದ ನಾಲಗೆ ತಾಯಿಗೆ ಅಷ್ಟು ಚೆನ್ನಾಗಿ ಸುಳ್ಳು ಹೇಳಿತು. ಫೋನು ಇಟ್ಟವರು ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರು. ಹಾಗೆಯೇ ಬಂದು ಕುಳಿತು, ಯಾರನ್ನೂ ನೋಡದೆ ಕೈಚಾಚಿದರು. ಜೆಸಿಂತಾ ಫ್ಲಾಸ್ಕಿನ ಮುಚ್ಚಳದಲ್ಲಿ ಗಂಜಿ ಹೊಯ್ದು ಕೊಟ್ಟಳು. ಕುಡಿದು ಮುಗಿಸಿ, "ಉಪ್ಪು ಕಡಿಮೆ," ಎಂದರು. ಅವಳು "ನಾಳೆ ಸರಿಯಾಗಿ ಹಾಕುತ್ತೇನೆ ಇಕ್ಕ," ಎಂದಳು. ಕಾರಿಗೆ ಬಂದು ಕುಳಿತ ಮೇಲೆ ಅವಳು ಅತ್ತಳು.

ಆ ವಾರ ಕಳೆಯುವಷ್ಟರಲ್ಲಿ ಹಂಸ ಕಣ್ಣು ತೆರೆದ. ಮೊದಲು ಅಣ್ಣನ ಗುರುತು ಸಿಕ್ಕಿತು, ಆಮೇಲೆ ನಿಧಾನವಾಗಿ ಮಾತು ಬಂತು. ಎಡಗಾಲು ಸ್ವಲ್ಪ ಎಳೆಯುತ್ತದೆ, ಕ್ರಮೇಣ ಸರಿಹೋಗಬಹುದು, ಆಟದ ಮಾತು ಮಾತ್ರ ಇನ್ನು ಬೇಡ ಎಂದರು ವೈದ್ಯರು. ಆ ಶುಕ್ರವಾರದ ಒಂದು ಎಳೆಯೂ ಅವನ ನೆನಪಿನಲ್ಲಿ ಉಳಿದಿರಲಿಲ್ಲ. ನಿಜ್ವಾದಲ್ಲಿ ಕಾರು ಹತ್ತಿದ್ದು ಗೊತ್ತು, ಆಸ್ಪತ್ರೆಯ ಸೂರು ಗೊತ್ತು, ನಡುವಿನದೆಲ್ಲ ಖಾಲಿ.

ಪೊಲೀಸರು ಪ್ರಕರಣವನ್ನು ಕೈಬಿಟ್ಟರು. ಅರ್ಧಕ್ಕೇ ನಿಂತ ಪಂದ್ಯವನ್ನು ಮತ್ತೆ ಆಡಬೇಕೆಂದು ಪಂದ್ಯಾವಳಿ ನಡೆಸುವವರು ತೀರ್ಮಾನಿಸಿದರು. ಎರಡೂ ತಂಡಗಳಿಗೆ ಅದು ಬೇಕಿರಲಿಲ್ಲ, ಬೇಡವೆನ್ನುವ ಧೈರ್ಯವೂ ಇರಲಿಲ್ಲ. ವಿಲ್ಫ್ರೆಡ್ ಕೈಗವಸುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, "ನನ್ನಿಂದ ಆಗುವುದಿಲ್ಲ," ಎಂದ. ಜನ್ಮದಲ್ಲಿ ಗೋಲು ಕಾಯದ ನಾನು ಆ ಕೈಗವಸು ತೊಟ್ಟು ಕಂಬಗಳ ನಡುವೆ ನಿಂತೆ. ನನ್ನ ಮುಂದೆ ಎತ್ತರದ ಚೆಂಡು ಬಂದಾಗಲೆಲ್ಲ ಎರಡೂ ತಂಡಗಳವರು ಹಿಂದಕ್ಕೆ ಸರಿದು ನಿಲ್ಲುತ್ತಿದ್ದರು, ಯಾರೂ ಹಾರಲಿಲ್ಲ. ಹೆದರಿದ ಜನರ ಆಟ ನೋಡಲು ಎಷ್ಟು ದುಃಖವಾಗುತ್ತದೆ ಎಂದರೆ, ಮೈದಾನದ ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟುವುದನ್ನೂ ಮರೆತರು. ನಾವು ಸೋತೆವು. ಕಪ್ಪನ್ನು ಕೋಯ ಇಕ್ಕ ಎತ್ತಿ ಹಿಡಿಯದೆ ಕಂಕುಳಲ್ಲಿಟ್ಟುಕೊಂಡು ಹೋದರು. ವರ್ಷಗಟ್ಟಲೆ ಹಂಬಲಿಸಿದ ಒಂದು ವಸ್ತು ಕಣ್ಣೆದುರೇ ಬೇರೆಯವರ ಪಾಲಾದಾಗ ನನಗೆ ಏನೂ ಅನಿಸಲಿಲ್ಲ ಎಂಬುದೇ ನನಗೆ ಸೋಜಿಗವಾಗಿತ್ತು.

ವಿಲ್ಫ್ರೆಡ್ ಕೆಲಸಕ್ಕೆ ಬರುತ್ತಿದ್ದ, ಲಾರಿಗಳನ್ನು ಕಳಿಸುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಅಷ್ಟೇ. ಬೇಸಿಗೆಗೆ ಮುಂಚೆಯೇ ಊರಿಗೆ ಮರಳುವ ಮಾತಾಡತೊಡಗಿದ್ದಾನೆ ಎಂದು ಜೆಸಿಂತಾ ಹೇಳಿದಳು. ಒಬ್ಬನಿಗೆ ಏನೂ ನೆನಪಿಲ್ಲ, ಇನ್ನೊಬ್ಬನಿಗೆ ಅದರ ಹೊರತು ಬೇರೇನೂ ನೆನಪಿಲ್ಲ. ಇಬ್ಬರಲ್ಲಿ ಯಾರ ಗಾಯ ದೊಡ್ಡದೆಂದು ನಾನು ಆಗಾಗ ಯೋಚಿಸುತ್ತಿದ್ದೆ.

ಹಂಸ ಚೇತರಿಸಿಕೊಳ್ಳಲು ಊರಿಗೆ ಹೊರಡುವ ಮುನ್ನ ಒಂದು ಸಂಜೆ ಕೋಯ ಇಕ್ಕ ಕಾರ್ಖಾನೆಗೆ ಫೋನು ಮಾಡಿದರು. ಹಂಸ ಮೈದಾನ ನೋಡಬೇಕು ಎನ್ನುತ್ತಿದ್ದಾನೆ, ಬರುವಾಗ ವಿಲ್ಫ್ರೆಡ್‌ನನ್ನು ಕರೆತನ್ನಿ, ಚೆಂಡೂ ಇರಲಿ ಎಂದರು. ವಿಲ್ಫ್ರೆಡ್ ಬರಲಾರೆ ಎಂದ. ಜೆಸಿಂತಾ ಅವನಿಗೆ ಕೊಂಕಣಿಯಲ್ಲಿ ಮೆಲ್ಲನೆ ಏನೋ ಹೇಳಿದಳು. ಅವನು ಬಂದು ಕಾರಿನಲ್ಲಿ ಕುಳಿತ.

ಬಯಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಹಂಸ ಕೋಲೂರಿಕೊಂಡು ಗೋಲಿನ ಮುಂದೆ ನಿಂತಿದ್ದ, ತಲೆಯ ಕೂದಲು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ವಿಲ್ಫ್ರೆಡ್ ಅವನಿಂದ ದೂರದಲ್ಲೇ ನಿಂತುಬಿಟ್ಟ.

"ಬಾ ಭಾಯ್," ಎಂದ ಹಂಸ. "ಎಲ್ಲರೂ ಒಂದೊಂದು ಕಥೆ ಹೇಳುತ್ತಾರೆ. ನನಗೇ ಆದದ್ದು ನನಗೊಬ್ಬನಿಗೇ ಗೊತ್ತಿಲ್ಲ. ಹೇಗಾಯಿತು, ನೀನೇ ತೋರಿಸು."

ವಿಲ್ಫ್ರೆಡ್ ಹಂಸನ ಅಣ್ಣನ ಮುಖ ನೋಡಿದ. ಕೋಯ ಇಕ್ಕ ತಲೆಯಾಡಿಸಿ, "ತೋರಿಸು," ಎಂದರು.

ನಾನು ಚೆಂಡು ಹಿಡಿದು ಅಂಚಿಗೆ ಹೋದೆ. ವಿಲ್ಫ್ರೆಡ್ ಕಂಬಗಳ ನಡುವೆ ತನ್ನ ಜಾಗದಲ್ಲಿ ನಿಂತು, ಹಂಸನಿಗೆ ಅವನ ಜಾಗ ತೋರಿಸಿದ. ನಾನು ಚೆಂಡನ್ನು ಮೆಲ್ಲಗೆ ಎತ್ತಿ ಎಸೆದೆ. ಹಂಸ ಕೋಲೂರುತ್ತ ಅದರ ಕಡೆಗೆ ಹೆಜ್ಜೆಯಿಟ್ಟ. ವಿಲ್ಫ್ರೆಡ್ ಎರಡು ಹೆಜ್ಜೆ ಮುಂದೆ ಬಂದ. ಅವನ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದ. "ಕೀಪರ್!" ಎಂಬ ಕೂಗು ಒಡೆದ ಗಂಟಲಿನಿಂದ ಬಂದು ಬಯಲಿನಲ್ಲೆಲ್ಲ ಕೇಳಿತು. ಹಂಸ ನಿಲ್ಲಲಿಲ್ಲ. ಎಳೆಯುವ ಕಾಲಿನಲ್ಲೇ ಮುಂದೆ ಬಂದ, ಬಂದು ಎದೆಗೆ ಎದೆ ತಾಗುವಷ್ಟು ಹತ್ತಿರವಾದ. ವಿಲ್ಫ್ರೆಡ್ ಒಂದು ಕೈಯಲ್ಲಿ ಚೆಂಡು ಹಿಡಿದ, ಇನ್ನೊಂದು ಕೈಯಲ್ಲಿ ಅವನನ್ನು ಬೀಳದಂತೆ ಹಿಡಿದ. ಹಾಗೆಯೇ ಇಬ್ಬರೂ ನಿಂತರು.

"ಚೆಂಡು ನಿನ್ನ ಕೈಯಲ್ಲೇ ಉಳಿಯಿತಾ?" ಎಂದು ಕೇಳಿದ ಹಂಸ.

"ಹೌದು."

"ಹಾಗಾದರೆ ಗೋಲು ಆಗಲಿಲ್ಲ!" ಅವನ ಮುಖದಲ್ಲಿ ನಿಜವಾದ ನಿರಾಶೆಯಿತ್ತು. "ಇಷ್ಟೆಲ್ಲ ಆದ ಮೇಲೆ ಒಂದು ಗೋಲಾದರೂ ಆಗಿರುತ್ತದೆ ಎಂದುಕೊಂಡಿದ್ದೆ."

ವಿಲ್ಫ್ರೆಡ್ ನಕ್ಕ. ನಗುತ್ತಲೇ ಅವನ ಭುಜ ಕುಲುಕತೊಡಗಿತು, ಅದು ನಗುವಾಗಿ ಉಳಿಯಲಿಲ್ಲ. ಅವನು ಹಂಸನ ಹೆಗಲಿಗೆ ಮುಖವಿಟ್ಟ. ಕೋಯ ಇಕ್ಕ ಹತ್ತಿರ ಬಂದು, ಕೆಳಗೆ ಬಿದ್ದಿದ್ದ ಕೋಲನ್ನು ಎತ್ತಿ ತಮ್ಮನ ಕೈಗೆ ಕೊಟ್ಟರು. ಇನ್ನೊಂದು ಕೈಯನ್ನು ವಿಲ್ಫ್ರೆಡ್‌ನ ಬೆನ್ನ ಮೇಲೆ ಇಟ್ಟು ಅಲ್ಲಿಯೇ ಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಹಂಸ ತಲೆಯೆತ್ತಿ ನನ್ನ ಕಡೆಗೆ ನೋಡಿ ಕೂಗಿದ.

"ಇನ್ನೊಂದು ಸಲ. ಈ ಸಲ ಸ್ವಲ್ಪ ಕೆಳಗೆ ಎಸೆಯಿರಿ."

ವಿಲ್ಫ್ರೆಡ್ ಅಂಗಿಯ ತೋಳಿನಿಂದ ಮುಖ ಒರಸಿಕೊಂಡು ಕಂಬಗಳ ನಡುವೆ ಹೋಗಿ ನಿಂತ. ನಾನು ಚೆಂಡು ಎತ್ತಿಕೊಂಡು ಮತ್ತೆ ಅಂಚಿಗೆ ನಡೆದೆ.